ವಸತಿರಹಿತರ ಆರೋಗ್ಯದ ಸಹಭಾಗಿ ಅಧ್ಯಯನ: ಏನನ್ನು ಅಳೆಯಬೇಕೆಂದು ನಿರ್ಧರಿಸುವವರು ಯಾರು?

ತಂಗುದಾಣ ಕಾರ್ಯಕರ್ತೆ, ಬೆಂಗಳೂರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹಳೆಯ ಪೇಟೆಯ ಭಾಗದಲ್ಲಿ ವಸತಿರಹಿತರಿಗಾಗಿ ತಂಗುದಾಣ ನಡೆಸುವ ಒಂದು ಚಿಕ್ಕ ಸಂಸ್ಥೆಯಲ್ಲಿ ನಾನು ಕೆಲಸ ಮಾಡುತ್ತೇನೆ. ಒಂದು ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗದವರು ನಮ್ಮೊಂದಿಗೆ ಸೇರಿ ಎರಡು ವರ್ಷಗಳ ಅಧ್ಯಯನ ಮಾಡಲು ಮುಂದೆ ಬಂದಿದ್ದಾರೆ. ತಂಗುದಾಣದಲ್ಲಿರುವ ಕೆಲವರಿಗೆ ಬಾಡಿಗೆ ಕೋಣೆ ಹಾಗೂ ನಿಯಮಿತ ಭೇಟಿಯ ನೆರವು ಒದಗಿಸಿ, ಅವರ ಆರೋಗ್ಯದಲ್ಲಿ ಏನು ಬದಲಾಗುತ್ತದೆ ಎಂಬುದನ್ನು ನೋಡುವುದು ಉದ್ದೇಶ. ತಂಗುದಾಣದ ನಿವಾಸಿಗಳನ್ನು ಸಹ-ಸಂಶೋಧಕರನ್ನಾಗಿ ಸೇರಿಸಿಕೊಳ್ಳಬೇಕೆಂಬ ಮಾತಿಗೂ ಎಲ್ಲರ ಒಪ್ಪಿಗೆಯಿದೆ.

ತೊಡಕು ಶುರುವಾಗಿರುವುದು ಏನನ್ನು ಅಳೆಯಬೇಕು ಎಂಬಲ್ಲಿ. ರಕ್ತದೊತ್ತಡ, ಸಕ್ಕರೆ ಅಂಶ, ಕ್ಷಯರೋಗದ ಚಿಕಿತ್ಸೆಯನ್ನು ಪೂರ್ಣಗೊಳಿಸಿದವರ ಪ್ರಮಾಣ ಇವೇ ಮುಖ್ಯ ಫಲಿತಾಂಶಗಳಾಗಬೇಕೆಂದು ಕಾಲೇಜಿನವರು ಹೇಳುತ್ತಾರೆ. ಎಷ್ಟು ಜನ, ಎಷ್ಟು ಕಾಲ ಕೋಣೆಯಲ್ಲಿ ಉಳಿದರು ಎಂಬುದೇ ಮುಖ್ಯವೆಂಬುದು ನಮ್ಮ ಸಂಸ್ಥೆಯ ನಿಲುವು. ನಿವಾಸಿಗಳ ಸಭೆಯಲ್ಲಿ ಬಂದದ್ದು ಇವೆರಡೂ ಅಲ್ಲ: ಬೀಗ ಹಾಕಿಕೊಳ್ಳಬಹುದಾದ ಒಂದು ಪೆಟ್ಟಿಗೆ, ಪಡಿತರ ಚೀಟಿಗೆ ತೋರಿಸಬಹುದಾದ ವಿಳಾಸ, ಮತ್ತು ಹಗಲಿನಲ್ಲಿ ಮಲಗಲು ಜಾಗ. ಕೆ.ಆರ್. ಮಾರುಕಟ್ಟೆಯಲ್ಲಿ ರಾತ್ರಿಯಿಡೀ ಮೂಟೆ ಹೊರುವ ಹಮಾಲಿಗಳಿಗೆ ಬೆಳಿಗ್ಗೆ ಖಾಲಿ ಮಾಡಬೇಕಾದ ತಂಗುದಾಣದಿಂದ ಆಗುವ ಉಪಯೋಗ ಅಷ್ಟಕ್ಕಷ್ಟೇ.

ಮನೆ ಕೊಟ್ಟರೆ ಆರೋಗ್ಯ ಸುಧಾರಿಸುತ್ತದೆ ಎಂಬುದಕ್ಕೆ ನಿಜವಾಗಿ ಎಷ್ಟು ಪುರಾವೆ ಇದೆ? ಬೇರೆಡೆ ಇಂಥ ಅಧ್ಯಯನ ನಡೆಸಿದವರು ಈ ಮೂರು ಕಡೆಯವರ ಭಿನ್ನಾಭಿಪ್ರಾಯವನ್ನು ಹೇಗೆ ನಿಭಾಯಿಸಿದರು? ಕೋಣೆ ಸಿಗದ ಹೋಲಿಕೆಯ ಗುಂಪೊಂದನ್ನು ಇಟ್ಟುಕೊಳ್ಳುವುದು ನ್ಯಾಯವೇ ಎಂಬ ಪ್ರಶ್ನೆಯೂ ನನ್ನನ್ನು ಕಾಡುತ್ತಿದೆ. ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

---

ಒಂಟಾರಿಯೊದ ಕನ್ನಡಿಗ

ಮೇಡಂ, ನಾನು ಟೊರೊಂಟೊದಲ್ಲಿ ಸಾರ್ವಜನಿಕ ಆರೋಗ್ಯ ಕ್ಷೇತ್ರದಲ್ಲಿದ್ದೇನೆ. ಮುಂದೆ ಹೇಳುವ ಅಧ್ಯಯನಗಳ ತಂಡದಲ್ಲಿ ನಾನಿರಲಿಲ್ಲ. ಕೆಲಸದ ನಿಮಿತ್ತ ಅವುಗಳ ವರದಿಗಳನ್ನು ಓದಿಕೊಂಡಿದ್ದೇನೆ, ಅಷ್ಟೇ.

ನೀವು ಮೊದಲು ನೋಡಬೇಕಾದದ್ದು 'ಅಟ್ ಹೋಮ್/ಶೇ ಸ್ವಾ' ಎಂಬ ಅಧ್ಯಯನವನ್ನು. 2008ರಲ್ಲಿ ಕೆನಡಾದ ಕೇಂದ್ರ ಸರ್ಕಾರ ಅಲ್ಲಿನ ಮಾನಸಿಕ ಆರೋಗ್ಯ ಆಯೋಗಕ್ಕೆ 11 ಕೋಟಿ ಡಾಲರ್ ಕೊಟ್ಟಿತು. ವ್ಯಾಂಕೂವರ್, ವಿನಿಪೆಗ್, ಟೊರೊಂಟೊ, ಮಾಂಟ್ರಿಯಲ್, ಮಾಂಕ್ಟನ್ ಎಂಬ ಐದು ನಗರಗಳಲ್ಲಿ 2009ರಿಂದ 2013ರವರೆಗೆ ಅಧ್ಯಯನ ನಡೆಯಿತು. ಮಾನಸಿಕ ಕಾಯಿಲೆಯಿದ್ದ ಎರಡು ಸಾವಿರಕ್ಕೂ ಹೆಚ್ಚು ವಸತಿರಹಿತರನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ 'ಮೊದಲು ಮನೆ' ಎಂಬ ಕ್ರಮದಲ್ಲಿ ಬಾಡಿಗೆ ಮನೆ ಮತ್ತು ಬೆಂಬಲ ತಂಡವನ್ನು ಕೊಟ್ಟರು. ಇನ್ನೊಂದು ಗುಂಪು ನಗರದಲ್ಲಿ ಅದಾಗಲೇ ಇದ್ದ ಸೇವೆಗಳನ್ನು ಬಳಸಿಕೊಂಡಿತು. ಕುಡಿತ ಬಿಡಬೇಕು, ಮಾತ್ರೆ ನುಂಗಲೇಬೇಕು ಎಂಬ ಷರತ್ತು ಮನೆಗೆ ಇರಲಿಲ್ಲ. ನಿವಾಸಿ ತನ್ನ ಆದಾಯದ ಶೇ. 30ನ್ನು ಮೀರದಂತೆ ಬಾಡಿಗೆಯ ಪಾಲು ಕೊಡಬೇಕು, ವಾರಕ್ಕೊಮ್ಮೆಯಾದರೂ ತಂಡದವರನ್ನು ಭೇಟಿಯಾಗಬೇಕು ಎಂಬುದಷ್ಟೇ ಕರಾರು. ಈ ಕ್ರಮ ಹುಟ್ಟಿದ್ದು 1992ರಲ್ಲಿ ನ್ಯೂಯಾರ್ಕಿನಲ್ಲಿ, ಸ್ಯಾಮ್ ಸೆಂಬೆರಿಸ್ ಆರಂಭಿಸಿದ ಸಂಸ್ಥೆಯಲ್ಲಿ.

ವಸತಿಯ ಮಟ್ಟಿಗೆ ಫಲಿತಾಂಶ ನಿಚ್ಚಳವಾಗಿತ್ತು. ಅಧ್ಯಯನದ ಕೊನೆಯ ಆರು ತಿಂಗಳಲ್ಲಿ ಮನೆ ಪಡೆದ ಗುಂಪಿನ ಶೇ. 62 ಜನ ಪೂರ್ತಿ ಅವಧಿ ಮನೆಯಲ್ಲೇ ಇದ್ದರೆ, ಇನ್ನೊಂದು ಗುಂಪಿನಲ್ಲಿ ಹಾಗಿದ್ದವರು ಶೇ. 31 ಮಾತ್ರ. ಆರೋಗ್ಯದ ಮಾತು ಬಂದಾಗ ಮಾತ್ರ ಚಿತ್ರ ಮಸುಕಾಗುತ್ತದೆ. ಮಾನಸಿಕ ಕಾಯಿಲೆಯ ಲಕ್ಷಣಗಳು, ಮಾದಕ ವಸ್ತುಗಳ ಬಳಕೆ ಎರಡೂ ಗುಂಪುಗಳಲ್ಲಿ ಸುಮಾರಾಗಿ ಒಂದೇ ಪ್ರಮಾಣದಲ್ಲಿ ಸುಧಾರಿಸಿದವು. ಮನೆ ಪಡೆದವರು ಈ ಅಂಶಗಳಲ್ಲಿ ಎದ್ದುಕಾಣುವಷ್ಟು ಮುಂದೆ ಹೋಗಲಿಲ್ಲ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2018ರಲ್ಲಿ ಹೊರತಂದ ವರದಿಯೂ ಬೆಂಬಲಸಹಿತ ಶಾಶ್ವತ ವಸತಿಯಿಂದ ಆರೋಗ್ಯ ಸುಧಾರಿಸುತ್ತದೆ ಎನ್ನಲು, ಎಚ್‌ಐವಿ ಸೋಂಕಿತರನ್ನು ಬಿಟ್ಟರೆ, ಗಟ್ಟಿಯಾದ ಪುರಾವೆ ಸಾಲದು ಎಂದೇ ಹೇಳಿತು. ಆದರೆ ಅದೇ ವರದಿ ಒಂದು ಉಪಯುಕ್ತ ವಿಚಾರವನ್ನು ಮುಂದಿಟ್ಟಿದೆ: ಎಲ್ಲ ಕಾಯಿಲೆಗಳೂ ವಸತಿಗೆ ಒಂದೇ ರೀತಿ ಸ್ಪಂದಿಸುವುದಿಲ್ಲ, ಮನೆಯಿದ್ದರೆ ಮಾತ್ರ ನಿಭಾಯಿಸಬಹುದಾದ ಕಾಯಿಲೆಗಳನ್ನು ಗುರುತಿಸಿ ಅವುಗಳನ್ನೇ ಅಳೆಯಬೇಕು. ನಿಮ್ಮ ಕಾಲೇಜಿನವರೊಂದಿಗಿನ ಚರ್ಚೆಯನ್ನು ಇಲ್ಲಿಂದ ಶುರುಮಾಡಬಹುದು.

'ಅಟ್ ಹೋಮ್' ಅಧ್ಯಯನದ ಖರ್ಚಿನ ಲೆಕ್ಕವನ್ನೂ ಎಚ್ಚರದಿಂದ ಓದಿರಿ. ಹೆಚ್ಚಿನ ಬೆಂಬಲದ ಅಗತ್ಯವಿದ್ದವರಿಗೆ ಹೂಡಿದ ಪ್ರತಿ 10 ಡಾಲರಿಗೆ ಆಸ್ಪತ್ರೆ, ತಂಗುದಾಣ ಮೊದಲಾದ ಬಾಬ್ತುಗಳಲ್ಲಿ ಸರಾಸರಿ 9.60 ಡಾಲರ್ ಉಳಿತಾಯವಾಯಿತು. ಮಧ್ಯಮ ಅಗತ್ಯದವರಲ್ಲಿ ಉಳಿದದ್ದು 3.42 ಡಾಲರ್ ಮಾತ್ರ. ಆಸ್ಪತ್ರೆಯ ಹಾಸಿಗೆಗೆ ಸರ್ಕಾರ ದುಬಾರಿ ಬೆಲೆ ತೆರುವ ದೇಶದಲ್ಲಷ್ಟೇ ಇಂಥ ಉಳಿತಾಯ ಕಾಣುತ್ತದೆ. ಆಸ್ಪತ್ರೆಗೇ ಹೋಗದೆ ರಸ್ತೆಬದಿಯಲ್ಲಿ ಸಾಯುವವರಿರುವ ಊರಿನಲ್ಲಿ ಮನೆ ಕೊಟ್ಟ ಮೇಲೆ ಆಸ್ಪತ್ರೆಯ ಖರ್ಚು ಏರಲೂಬಹುದು, ಆ ಏರಿಕೆಯನ್ನು ನಾನಂತೂ ಯಶಸ್ಸೆಂದೇ ಎಣಿಸುತ್ತೇನೆ. ಹಣ ಕೊಡುವವರನ್ನು ಒಲಿಸಲು ಉಳಿತಾಯದ ಭರವಸೆ ಕೊಡಬೇಡಿ.

ಸಹಭಾಗಿತ್ವದ ವಿಷಯ. ಬೀದಿಯ ಬದುಕನ್ನೂ ಮಾನಸಿಕ ಕಾಯಿಲೆಯನ್ನೂ ಸ್ವತಃ ಕಂಡವರ ರಾಷ್ಟ್ರೀಯ ಮಂಡಳಿಯೊಂದು ಆ ಅಧ್ಯಯನಕ್ಕಿತ್ತು, ನಗರಗಳ ಮಟ್ಟದಲ್ಲೂ ಅಂಥವರ ಕೂಟಗಳಿದ್ದವು. ಆದರೂ ಟೊರೊಂಟೊದ ಅನುಭವವನ್ನು ಕುರಿತ ಬರಹಗಳಲ್ಲಿ ಎರಡು ದೂರುಗಳು ಬರುತ್ತವೆ: ಯೋಜನೆಯ ರೂಪರೇಷೆ ಅವಸರದಲ್ಲಿ ಸಿದ್ಧವಾದುದರಿಂದ ಅವರ ಪ್ರವೇಶ ತಡವಾಯಿತು, ಬಂದ ಮೇಲೂ ತಮ್ಮ ಪಾತ್ರವೇನು, ಅಧಿಕಾರವೆಷ್ಟು ಎಂಬುದು ಅವರಿಗೆ ಸ್ಪಷ್ಟವಿರಲಿಲ್ಲ. ವಿನಿಪೆಗ್‌ನಲ್ಲಿ ಭಾಗವಹಿಸಿದವರಲ್ಲಿ ಬಹುಪಾಲು ಮೂಲನಿವಾಸಿಗಳಿದ್ದುದರಿಂದ ಸೇವೆಯ ರೂಪವನ್ನೇ ಮೂಲನಿವಾಸಿ ಸಂಸ್ಥೆಗಳ ಕೈಗೆ ಹೆಚ್ಚಾಗಿ ಒಪ್ಪಿಸಿದರು. ಪ್ರಶ್ನಾವಳಿ ಅಚ್ಚಾದ ಮೇಲೆ ಕರೆಯುವುದಕ್ಕೂ ಪ್ರಶ್ನೆ ಹುಟ್ಟುವ ಮೊದಲೇ ಕರೆಯುವುದಕ್ಕೂ ಇರುವ ಅಂತರ ಇದೇ.

ಹೋಲಿಕೆಯ ಗುಂಪಿನ ಬಗ್ಗೆ ಇಲ್ಲಿಯೂ ಬಿರುಸಿನ ಚರ್ಚೆ ನಡೆದಿತ್ತು. ಎಲ್ಲರಿಗೂ ಸಾಲುವಷ್ಟು ಮನೆಗಳಿಲ್ಲದಾಗ ಚೀಟಿ ಎತ್ತುವುದು ಶಿಫಾರಸಿಗಿಂತ ನ್ಯಾಯವಾದದ್ದು ಎಂಬ ವಾದ ನನಗೆ ಒಪ್ಪಿತವೇ. ಅದಕ್ಕಿಂತ ದೊಡ್ಡ ಪ್ರಶ್ನೆ, ಅಧ್ಯಯನ ಮುಗಿದ ಮರುದಿನ ಬಾಡಿಗೆ ಕಟ್ಟುವವರು ಯಾರು ಎಂಬುದು. ಅದಕ್ಕೆ ಉತ್ತರ ಸಿಗುವವರೆಗೆ ಮೊದಲ ಬೀಗದ ಕೈಯನ್ನೂ ಕೊಡಬಾರದು.

---

ಚೆನ್ನೈಯಲ್ಲಿರುವ ಮೈಸೂರಿನವಳು

ಕೆನಡಾದ ಅನುಭವ ಸರಿಯೇ, ಆದರೆ ಪಕ್ಕದ ರಾಜ್ಯದಲ್ಲೇ ನಡೆದಿರುವ ಕೆಲಸವನ್ನು ನಾವು ನೋಡುವುದು ಕಡಿಮೆ. 1993ರಲ್ಲಿ ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ ಚೆನ್ನೈಯಲ್ಲಿ ಆರಂಭಿಸಿದ 'ದಿ ಬ್ಯಾನ್ಯನ್' ಸಂಸ್ಥೆ, ಮಾನಸಿಕ ಕಾಯಿಲೆಯಿಂದ ಬೀದಿಪಾಲಾದ ಮಹಿಳೆಯರಿಗೆ ಆಶ್ರಯ ಮತ್ತು ಚಿಕಿತ್ಸೆ ಕೊಟ್ಟು ಊರಿಗೆ ಮರಳಿಸುವ ಕೆಲಸದಿಂದ ಶುರುವಾಯಿತು. ಗುಣವಾದರೂ ಮರಳಲು ಮನೆಯೇ ಇಲ್ಲದವರು, ಮನೆಯವರು ಒಲ್ಲೆನೆಂದವರು ವರ್ಷಗಟ್ಟಲೆ ಸಂಸ್ಥೆಯಲ್ಲೇ ಉಳಿಯುವಂತಾದಾಗ, 2015ರಲ್ಲಿ 'ಹೋಮ್ ಅಗೇನ್' ಎಂಬ ಕ್ರಮ ಹುಟ್ಟಿತು. ನಾಲ್ಕೈದು ಮಂದಿ ತಮಗೆ ಹೊಂದುವವರನ್ನು ತಾವೇ ಆರಿಸಿಕೊಂಡು, ಸಾಮಾನ್ಯ ಬೀದಿಯಲ್ಲಿ ಬಾಡಿಗೆ ಮನೆ ಹಿಡಿದು ಒಂದು ಸಂಸಾರದಂತೆ ಇರುತ್ತಾರೆ. ಜೊತೆಗಿದ್ದು ನೆರವಾಗುವವರು ದೊಡ್ಡ ಪದವಿಗಳಿಲ್ಲದ, ತರಬೇತಿ ಪಡೆದ ಸ್ಥಳೀಯ ಮಹಿಳೆಯರು. ಈ ಕ್ರಮ ಮುಂದೆ ಕೇರಳ, ಮಹಾರಾಷ್ಟ್ರಗಳಿಗೂ ಹೋಯಿತು.

ಕೆನಡಾದಲ್ಲಿ ಒಬ್ಬರಿಗೊಂದು ಫ್ಲ್ಯಾಟ್ ಕೊಡುವುದು ಘನತೆಯ ಲಕ್ಷಣ. ನಮ್ಮಲ್ಲಿ ಎಷ್ಟೋ ಜನರಿಗೆ ಒಂಟಿ ಕೋಣೆ ಶಿಕ್ಷೆಯಂತೆ ತೋರಬಹುದು. ಆದ್ದರಿಂದ ಎಲ್ಲಿ ಇರಬೇಕು ಎಂಬುದರ ಜೊತೆಗೆ ಯಾರ ಜೊತೆ ಇರಬೇಕು ಎಂಬ ಆಯ್ಕೆಯನ್ನೂ ನಿಮ್ಮ ಅಧ್ಯಯನ ಕೊಡಬೇಕು. ಅಳತೆಯ ವಿಷಯದಲ್ಲೂ ಇದು ಮುಖ್ಯ. ಅಂಗಡಿಗೆ ತಾವೇ ಹೋಗಿ ಬರುತ್ತಾರೆಯೇ, ಪಕ್ಕದ ಮನೆಯವರು ಹಬ್ಬಕ್ಕೆ ಕರೆಯುತ್ತಾರೆಯೇ, ಇಂದು ಏನು ಅಡುಗೆ ಎಂದು ಯಾರು ನಿರ್ಧರಿಸುತ್ತಾರೆ ಎಂಬಂಥ ಸಂಗತಿಗಳು ರೋಗಲಕ್ಷಣಗಳ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ.

ಕಾನೂನಿನ ಬಲವೂ ಇದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 19ನೇ ಕಲಮಿನ ಪ್ರಕಾರ, ಮನೆಯಿಲ್ಲ ಅಥವಾ ಕುಟುಂಬ ಒಪ್ಪುತ್ತಿಲ್ಲ ಎಂಬ ಕಾರಣಕ್ಕಷ್ಟೇ ಯಾರನ್ನೂ ಮಾನಸಿಕ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ. ಅಂಥವರಿಗೆ ಸಮುದಾಯದಲ್ಲಿ ಬದುಕಲು ನೆರವು ಒದಗಿಸುವುದು ಸರ್ಕಾರದ ಹೊಣೆ. ಅಧ್ಯಯನ ಮುಗಿದ ಮೇಲೆ ಬಾಡಿಗೆ ಯಾರು ಕಟ್ಟಬೇಕು ಎಂಬ ಪ್ರಶ್ನೆಗೆ, ಕನಿಷ್ಠ ಈ ಒಂದು ವರ್ಗದವರ ಮಟ್ಟಿಗೆ, ಉತ್ತರ ಕೇಳಲು ಒಂದು ಬಾಗಿಲಿದೆ.

---

ರಾಜಾಜಿನಗರದ ಹಳೆಯ ಬಾಡಿಗೆದಾರ

ಎಲ್ಲವೂ ಚೆನ್ನಾಗಿದೆ. ಬೆಂಗಳೂರಿನಲ್ಲಿ ಮನೆ ಕೊಡುವವರು ಯಾರು? ಸಂಬಳದ ಚೀಟಿ ತೋರಿಸುವವರಿಗೇ ಊರು, ಜಾತಿ, ಮಾಂಸ ತಿನ್ನುತ್ತೀರಾ ಎಂಬ ಪ್ರಶ್ನೆಗಳು ತಪ್ಪಿದ್ದಲ್ಲ. ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಬೇಡವೆಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳಿದರೂ, ಐದಾರು ತಿಂಗಳ, ಕೆಲವೆಡೆ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ನಿಮ್ಮ ಅಂದಾಜು ವೆಚ್ಚದಲ್ಲಿ ಬಾಡಿಗೆ ಮಾತ್ರ ಇದ್ದು ಅಡ್ವಾನ್ಸ್ ಇಲ್ಲವಾದರೆ ಯೋಜನೆ ಮೊದಲ ತಿಂಗಳಲ್ಲೇ ನಿಲ್ಲುತ್ತದೆ. ಕರಾರು ಪತ್ರ ಸಂಸ್ಥೆಯ ಹೆಸರಿನಲ್ಲಿರಬೇಕೇ, ನಿವಾಸಿಯ ಹೆಸರಿನಲ್ಲಿರಬೇಕೇ ಎಂಬುದನ್ನೂ ಯೋಚಿಸಿ. ಸಂಸ್ಥೆಯ ಹೆಸರಿಗಾದರೆ ಮನೆ ಬೇಗ ಸಿಗುತ್ತದೆ, ಆದರೆ ವಿಳಾಸದ ಪುರಾವೆ ನಿವಾಸಿಗೆ ಸಿಗುವುದಿಲ್ಲ; ನಿಮ್ಮ ಸಭೆಯಲ್ಲಿ ಅವರು ಕೇಳಿದ್ದು ಅದನ್ನೇ ಅಲ್ಲವೇ?

ಮನೆ ಮಾಲೀಕರನ್ನೂ ಅಧ್ಯಯನದ ಸಹಭಾಗಿಗಳಾಗಿ ಕೂರಿಸಿಕೊಳ್ಳುವುದು ಒಳ್ಳೆಯದು. ಅವರ ಭಯವೇನೆಂದು ಕೇಳದೆ ಅವರನ್ನು ಬೈದು ಪ್ರಯೋಜನವಿಲ್ಲ.

---

ಸಮುದಾಯ ವೈದ್ಯ, ಕಲಬುರಗಿ

ಪ್ರಶ್ನೆ ಕೇಳಿದ ಸಹೋದರಿಗೆ ನಮಸ್ಕಾರ. ನಿಮ್ಮ ಜೊತೆಗಿರುವ ವೈದ್ಯರ ಪರವಾಗಿಯೂ ಒಂದು ಮಾತು ಹೇಳುತ್ತೇನೆ. ಅವರು ಕೇಳುತ್ತಿರುವ ಮೂರು ಅಳತೆಗಳಲ್ಲಿ ರಕ್ತದೊತ್ತಡ ಎರಡು ವರ್ಷಗಳಲ್ಲಿ, ಅದರಲ್ಲೂ ಸಣ್ಣ ಗುಂಪಿನಲ್ಲಿ, ಮನೆಯಿಂದಾಗಿ ಬದಲಾಯಿತೆಂದು ತೋರಿಸುವುದು ಕಷ್ಟ. ಕ್ಷಯದ ಮಾತು ಬೇರೆ. ಔಷಧಕ್ಕೆ ಬಗ್ಗುವ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ದಿನವೂ ಮಾತ್ರೆ ನುಂಗಬೇಕು. ಫ್ಲೈಓವರ್ ಕೆಳಗೆ ಮಲಗುವವನ ಚೀಲ ಒಂದು ರಾತ್ರಿ ಕಳುವಾದರೆ ಮಾತ್ರೆಯೂ ಹೋಯಿತು, ಚೀಟಿಯೂ ಹೋಯಿತು. ನಿಕ್ಷಯ್ ಪೋಷಣ್ ಯೋಜನೆಯಡಿ ರೋಗಿಗೆ ಸಿಗುವ ಪೌಷ್ಟಿಕ ಆಹಾರದ ಹಣ 2018ರಲ್ಲಿ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರಿನಿಂದ 1,000 ರೂಪಾಯಿ ಆಗಿದೆ. ಅದು ಬರುವುದು ಬ್ಯಾಂಕ್ ಖಾತೆಗೆ. ಖಾತೆಗೆ ಗುರುತಿನ ದಾಖಲೆ ಬೇಕು, ದಾಖಲೆಗೆ ವಿಳಾಸ ಬೇಕು. ನಿಮ್ಮ ನಿವಾಸಿಗಳು ಕೇಳಿದ ಬೀಗದ ಪೆಟ್ಟಿಗೆ ಮತ್ತು ವಿಳಾಸ ಆರೋಗ್ಯದ ಹೊರಗಿನ ವಿಷಯಗಳಲ್ಲ; ಚಿಕಿತ್ಸೆ ಪೂರ್ಣಗೊಳ್ಳುವ ದಾರಿಯಲ್ಲೇ ಅವು ಕುಳಿತಿವೆ. ಇನ್ಸುಲಿನ್ ಅನ್ನು ತಂಪಿನಲ್ಲಿ ಇಟ್ಟುಕೊಳ್ಳುವುದು, ಕಾಲಿನ ಹುಣ್ಣನ್ನು ತೊಳೆದು ಕಟ್ಟಿಕೊಳ್ಳುವುದು, ಹೆರಿಗೆಯ ನಂತರದ ಆರೈಕೆ ಇವೆಲ್ಲ ಅದೇ ಸಾಲಿಗೆ ಸೇರುತ್ತವೆ. ಟೊರೊಂಟೊದ ಮಿತ್ರರು ಹೇಳಿದ, ವಸತಿಗೆ ಸ್ಪಂದಿಸುವ ಕಾಯಿಲೆಗಳ ಪಟ್ಟಿಯನ್ನು ನಿಮ್ಮ ನಿವಾಸಿಗಳ ಜೊತೆ ಕುಳಿತೇ ಮಾಡಬಹುದು, ಯಾವುದು ಬೀದಿಯಲ್ಲಿ ಅಸಾಧ್ಯ ಎಂಬುದು ಅವರಿಗೇ ಚೆನ್ನಾಗಿ ಗೊತ್ತು.

ಇನ್ನು ನೀವು ಯಾರನ್ನು ವಸತಿರಹಿತರೆಂದು ಎಣಿಸುತ್ತೀರಿ? 2011ರ ಜನಗಣತಿ ಫೆಬ್ರುವರಿ 28ರ ಒಂದೇ ರಾತ್ರಿಯಲ್ಲಿ ರಸ್ತೆಬದಿ, ಫ್ಲೈಓವರ್ ಕೆಳಗೆ, ರೈಲು ನಿಲ್ದಾಣ, ಗುಡಿಯ ಜಗುಲಿಗಳಲ್ಲಿದ್ದವರನ್ನು ಎಣಿಸಿ ದೇಶದಲ್ಲಿ 17.7 ಲಕ್ಷ, ಕರ್ನಾಟಕದಲ್ಲಿ 76 ಸಾವಿರಕ್ಕೂ ಹೆಚ್ಚು ಎಂದು ಹೇಳಿತು. ರಾಯಚೂರು, ಯಾದಗಿರಿ, ನಮ್ಮ ಕಲಬುರಗಿಯಿಂದ ಬೆಂಗಳೂರಿಗೆ ದುಡಿಯಲು ಹೋಗಿ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿರುವ ಕುಟುಂಬ ಆ ಲೆಕ್ಕದಲ್ಲಿ ಬರುವುದು ಅನುಮಾನ. ಕೆನಡಾದಲ್ಲೇ ವ್ಯಾಂಕೂವರ್, ಟೊರೊಂಟೊ, ಒಟ್ಟಾವಾಗಳಲ್ಲಿ 2009ರಿಂದ ಸುಮಾರು 1,200 ಜನರನ್ನು ಹಿಂಬಾಲಿಸಿದ ಇನ್ನೊಂದು ಅಧ್ಯಯನವಿದೆ. ಅವರಲ್ಲಿ ಅರ್ಧದಷ್ಟು ವಸತಿರಹಿತರು, ಉಳಿದರ್ಧ ಭದ್ರವಲ್ಲದ ಮನೆಗಳಲ್ಲಿದ್ದವರು. ಎರಡೂ ಗುಂಪುಗಳ ಆರೋಗ್ಯ ಹೆಚ್ಚೂಕಡಿಮೆ ಒಂದೇ ರೀತಿ ಹದಗೆಟ್ಟಿತ್ತು. ಅಂದರೆ, ಸೂರು ಇದೆ ಎಂಬುದಷ್ಟರಿಂದ ಏನೂ ತೀರ್ಮಾನವಾಗುವುದಿಲ್ಲ. ನೀವು ಕೊಡುವ ಕೋಣೆ ಗಾಳಿಯಿಲ್ಲದ, ನೀರಿಲ್ಲದ ಕೋಣೆಯಾದರೆ ಫಲಿತಾಂಶವೂ ಹಾಗೆಯೇ ಬರುತ್ತದೆ.

ಹಗಲು ಮಲಗುವ ಜಾಗದ ಬಗ್ಗೆ: ನಗರಗಳಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ ತಂಗುದಾಣ ಬೇಕು, ಅದು ವರ್ಷವಿಡೀ ದಿನದ 24 ಗಂಟೆಯೂ ತೆರೆದಿರಬೇಕು ಎಂದು ಸುಪ್ರೀಂ ಕೋರ್ಟ್ ಆಹಾರದ ಹಕ್ಕಿನ ಪ್ರಕರಣದಲ್ಲಿ 2010ರಲ್ಲೇ ನಿರ್ದೇಶಿಸಿದೆ. ಇದಕ್ಕೆ ಅಧ್ಯಯನ ಬೇಕಾಗಿಲ್ಲ, ಅರ್ಜಿ ಸಾಕು.

---

ತಂಗುದಾಣ ಕಾರ್ಯಕರ್ತೆ, ಬೆಂಗಳೂರು

ಎಲ್ಲರಿಗೂ ಕೃತಜ್ಞತೆಗಳು. ವೈದ್ಯರ ಮಾತು ಓದಿದ ಮೇಲೆ, ಮುಖ್ಯ ಫಲಿತಾಂಶವಾಗಿ ವಸತಿಯ ಸ್ಥಿರತೆಯನ್ನೂ, ಆರೋಗ್ಯದ ಪೈಕಿ ಕ್ಷಯದ ಚಿಕಿತ್ಸೆ ಪೂರ್ಣಗೊಳ್ಳುವುದು ಹಾಗೂ ಗಾಯಗಳ ಆರೈಕೆಯನ್ನೂ ಇಟ್ಟುಕೊಂಡು, ರಕ್ತದೊತ್ತಡವನ್ನು ದಾಖಲೆಗಷ್ಟೇ ಬರೆದುಕೊಳ್ಳುವ ಪ್ರಸ್ತಾವವನ್ನು ಕಾಲೇಜಿನವರ ಮುಂದಿಡಲು ಯೋಚಿಸಿದ್ದೇನೆ. ವಿಳಾಸದ ದಾಖಲೆ ಮತ್ತು ಬ್ಯಾಂಕ್ ಖಾತೆ ದೊರೆತದ್ದನ್ನು ನಿವಾಸಿಗಳು ಸೂಚಿಸಿದ ಫಲಿತಾಂಶವೆಂದೇ ಪ್ರತ್ಯೇಕವಾಗಿ ಬರೆಯಬೇಕು. ಅಡ್ವಾನ್ಸ್ ನಮ್ಮ ಅಂದಾಜಿನಲ್ಲಿ ಇರಲಿಲ್ಲ, ಸೇರಿಸುತ್ತೇವೆ.

ಒಂದು ಸಂಶಯ ಉಳಿದಿದೆ. ಸಹ-ಸಂಶೋಧಕರಾಗಿ ಬರುವ ನಿವಾಸಿಗಳಿಗೆ ಹಣ ಕೊಟ್ಟರೆ ಅದು ಆಮಿಷವಾಗುತ್ತದೆ ಎಂದು ನೈತಿಕ ಸಮಿತಿಯ ಒಬ್ಬರು ಆಕ್ಷೇಪಿಸಿದ್ದಾರೆ. ಇದಕ್ಕೆ ಏನು ಹೇಳಬೇಕು?

---

ಸಮುದಾಯ ವೈದ್ಯ, ಕಲಬುರಗಿ

ಎರಡು ಪಾತ್ರಗಳು ಕಲಸಿಹೋಗಿವೆ. ಅಧ್ಯಯನಕ್ಕೆ ಒಳಗಾಗುವವರಿಗೆ ಕೊಡುವುದು ಸಮಯ ಮತ್ತು ಪ್ರಯಾಣದ ಪರಿಹಾರ. ಅದು ಒಪ್ಪಿಗೆಯನ್ನು ಕೊಂಡುಕೊಳ್ಳುವಷ್ಟು ದೊಡ್ಡದಾಗಬಾರದು ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಆಶಯ. ಓದಲು ಬಾರದವರ ಒಪ್ಪಿಗೆಗೆ ಹೆಬ್ಬೆಟ್ಟಿನ ಜೊತೆಗೆ ನಿಷ್ಪಕ್ಷಪಾತ ಸಾಕ್ಷಿಯ ಸಹಿ ಬೇಕೆಂದೂ ಅದು ಹೇಳುತ್ತದೆ, ಆ ಸಾಕ್ಷಿ ನಿಮ್ಮ ತಂಗುದಾಣದ ಸಿಬ್ಬಂದಿಯಾಗಿರದಿದ್ದರೆ ಒಳಿತು. ಸಂದರ್ಶನ ಮಾಡುವ, ಪ್ರಶ್ನೆ ತಿದ್ದುವ, ಸಭೆಗೆ ಬರುವ ಸಹ-ಸಂಶೋಧಕರದು ಕೆಲಸ. ಕೆಲಸಕ್ಕೆ ಸಂಬಳ ಕೊಡುವುದು ಆಮಿಷವಲ್ಲ, ಕೊಡದಿರುವುದು ಬಿಟ್ಟಿ ದುಡಿಮೆ. ಪ್ರಾಧ್ಯಾಪಕರು ತಮ್ಮ ಭತ್ಯೆಯನ್ನು ಆಮಿಷವೆಂದು ಎಂದೂ ಕರೆದುಕೊಂಡಿಲ್ಲವಲ್ಲ! ಸಭೆಗೆ ಬಂದರೆ ಆ ದಿನದ ಹಮಾಲಿ ಕೂಲಿ ತಪ್ಪುತ್ತದೆ ಎಂಬುದನ್ನು ಸಮಿತಿಗೆ ಲೆಕ್ಕ ಸಮೇತ ತೋರಿಸಿ.

---

ಚೆನ್ನೈಯಲ್ಲಿರುವ ಮೈಸೂರಿನವಳು

ಪ್ರಶ್ನಾವಳಿ ಅಚ್ಚಿಗೆ ಹೋಗುವ ಮೊದಲು ಇನ್ನೊಂದು ವಿಷಯ. ಇಂಥ ನಮೂನೆಗಳಲ್ಲಿ ಆದಾಯದ ಮೂಲ ಎಂಬ ಕಲಂ ಇದ್ದೇ ಇರುತ್ತದೆ. ಅದರಲ್ಲಿ 'ಭಿಕ್ಷೆ' ಎಂಬ ಆಯ್ಕೆಯೂ ಇರುತ್ತದೆ. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಭಿಕ್ಷೆ ಬೇಡುವುದು ಅಪರಾಧ, ಬೇಡುವವರನ್ನು ಹಿಡಿದು ಪರಿಹಾರ ಕೇಂದ್ರಕ್ಕೆ ಸೇರಿಸಲು ಅವಕಾಶವಿದೆ. ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಸಂಭವಿಸಿದ ಸಾವುಗಳನ್ನು ನೆನಪಿಟ್ಟುಕೊಂಡಿರುವವರು ಆ ಕೇಂದ್ರದ ಹೆಸರು ಕೇಳಿದರೇ ಹೆದರುತ್ತಾರೆ. ಹೆಸರು, ಮಲಗುವ ಜಾಗ, ಭಿಕ್ಷೆ ಎಂಬ ಗುರುತು ಈ ಮೂರೂ ಒಂದೇ ಹಾಳೆಯಲ್ಲಿದ್ದರೆ ನಿಮ್ಮ ದತ್ತಾಂಶವೇ ಅವರ ವಿರುದ್ಧದ ದಾಖಲೆಯಾಗಬಹುದು. ಹೆಸರಿನ ಪಟ್ಟಿಯನ್ನು ಸಂಖ್ಯೆಗಳಿಂದ ಬೇರ್ಪಡಿಸಿ ಬೇರೆ ಬೀಗದಡಿ ಇಡಿ, ಆ ಬೀಗದ ಕೈ ಯಾರ ಬಳಿ ಇರಬೇಕೆಂಬುದನ್ನು ನಿವಾಸಿಗಳ ಸಭೆ ತೀರ್ಮಾನಿಸಲಿ. ಆದಾಯದ ಮೂಲ ನಿಮಗೆ ನಿಜವಾಗಿ ಅಗತ್ಯವಿಲ್ಲದಿದ್ದರೆ ಆ ಕಲಮನ್ನೇ ತೆಗೆದುಹಾಕಿ.